ಅನ್ನದ ಪಾತ್ರೆಯ ಪಕ್ಕದ ಜಾಗ

ಮಿಯೆನ್ ಮದುವೆಯಾಗಿ ನಾಮ್ ದಿನ್ ಪಟ್ಟಣಕ್ಕೆ ಬಂದ ದಿನವೇ ಅತ್ತೆ ಅವಳಿಗೆ ಊಟದ ಚಾಪೆಯ ಮೇಲೆ ಒಂದು ಜಾಗ ತೋರಿಸಿದಳು. ಅದು ಅನ್ನದ ಪಾತ್ರೆಯ ಪಕ್ಕ. ನಲವತ್ತಾರು ವರ್ಷವಾಯಿತು. ಮಣ್ಣಿನ ಪಾತ್ರೆ ಹೋಗಿ ಕರೆಂಟಿನ ಕುಕ್ಕರ್ ಬಂತು, ಅತ್ತೆಯೂ ತೀರಿಕೊಂಡಳು, ಮಿಯೆನ್ ಮಾತ್ರ ಅಲ್ಲೇ ಕೂತಿದ್ದಾಳೆ. ನಮ್ಮಲ್ಲಿ ಪಾತ್ರೆಯ ಪಕ್ಕ ಕೂತವರೇ ಎಲ್ಲರ ಬಟ್ಟಲಿಗೂ ಬಡಿಸಬೇಕು. ಗಂಡನಿಗೆ ಮೂರನೆಯ ಬಟ್ಟಲು ತುಂಬಿ ಅವಳು ತನ್ನ ಊಟದ ಕಡ್ಡಿ ಎತ್ತುವಷ್ಟರಲ್ಲಿ ಮೀನಿನ ತಟ್ಟೆಯಲ್ಲಿ ತಲೆ ಮತ್ತು ಬಾಲ ಇರುತ್ತಿದ್ದವು, ನಡುವೆ ಬಾಚಣಿಗೆಯಂಥ ಮೂಳೆ.

ಗಂಡ ಬಾಂಗ್ ಯಜಮಾನರು ಮೂವತ್ತು ವರ್ಷ ನೂಲಿನ ಗಿರಣಿಯ ಗೇಟಿನಲ್ಲಿ ಕೆಲಸಗಾರರ ಹೆಸರು ಕೂಗಿ ಹಾಜರಿ ಹಾಕಿದ ಗುಮಾಸ್ತರು. ನಿವೃತ್ತಿಯಾದ ಮೇಲೆ ಹಾಜರಿ ಮನೆಗೆ ಬಂತು. ಕಿರಿಯರು ಹಿರಿಯರನ್ನೆಲ್ಲ ವಯಸ್ಸಿನ ಪ್ರಕಾರ ಒಬ್ಬೊಬ್ಬರನ್ನಾಗಿ 'ಊಟ ಮಾಡಿ' ಎಂದು ಕರೆಯದೆ ಅವರು ಕಡ್ಡಿ ಮುಟ್ಟುವುದಿಲ್ಲ. ಬೇರೆ ಮನೆಗಳಲ್ಲೂ ಕರೆಯುತ್ತಾರೆ, ಗೊಣಗಿ ಮುಗಿಸುತ್ತಾರೆ. ಇಲ್ಲಿ ಒಬ್ಬರ ಹೆಸರು ತಪ್ಪಿದರೆ ಮೊದಲಿನಿಂದ ಶುರು. ಅಷ್ಟರಲ್ಲಿ ಸಾರಿನ ಮೇಲೆ ಕೆನೆ ಕಟ್ಟುತ್ತದೆ. 'ಸಾರು ತಣ್ಣಗಿದೆ' ಎಂಬ ಬೈಗುಳ ಮಿಯೆನ್‌ಗೆ.

ಯಜಮಾನರಿಗೆ ಎಪ್ಪತ್ತು ತುಂಬಿತು. ಹಿರಿಯ ಸೊಸೆ ಲುವಾ ಹೋಟೆಲಿನಲ್ಲಿ ಊಟ ಎಂದು ಗೊತ್ತು ಮಾಡಿದಳು. ಮಿಯೆನ್ ಹಿಂದಿನ ದಿನ ಸೊಪ್ಪು ಸೋಸುತ್ತಾ ಅವಳ ಹತ್ತಿರ ಹೇಳಿದಳು:

"ನಂಗೊಂದೇ ಆಸೆ ಕಣೆ. ಗೆಂಡೆ ಮೀನಿನ ಹೊಟ್ಟೆ ಭಾಗ, ಬಿಸಿಬಿಸಿದು, ಕೂತಲ್ಲೇ ಕೂತು ತಿನ್ಬೇಕು. ಮಧ್ಯದಲ್ಲಿ ಏಳ್ಬಾರ್ದು."

"ಅಷ್ಟೇನಾ ಅತ್ತೆ? ನಾಳೆ ನಿಮ್ ಸೆರಗು ಕುರ್ಚಿಗೆ ಕಟ್ಟಿಹಾಕ್ತೀನಿ, ಇರಿ."

"ನಂಗೆಲ್ಲಿಯ ಸೆರಗೇ? ಷರಾಯಿ ಹಾಕೋಳು ನಾನು!"

"ಹಾಗಾದ್ರೆ ಷರಾಯಿನೇ ಕಟ್ತೀನಿ."

ಹೋಟೆಲಿನ ಮೇಜು ದುಂಡಗಿತ್ತು, ಮೇಲೆ ತಿರುಗುವ ಗಾಜಿನ ಹಲಗೆ. ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು.

"ಇದ್ರಲ್ಲಿ ಹಿರಿಯರು ಕೂರೋ ಜಾಗ ಯಾವುದು?"

"ದುಂಡು ಮೇಜು ಅಪ್ಪ, ಎಲ್ಲಾ ಒಂದೇ," ಎಂದ ಮಗ ಥಾಕ್.

"ಎಲ್ಲಾ ಒಂದೇ ಅಂದ್ರೆ ನಾನೂ ನೀನೂ ಒಂದೇನಾ?"

ಒಂಬತ್ತು ಜನ ಎರಡು ಸಲ ಎದ್ದು ಕೂತರು. ಕೊನೆಗೆ ಅವರು ಬಾಗಿಲಿಗೆ ಮುಖ ಮಾಡಿ ಕೂತರು, ಮಿಯೆನ್ ನೇರ ಎದುರಿಗೆ, ಬಾಗಿಲಿಗೆ ಬೆನ್ನು ಹಾಕಿ. ಗೆಂಡೆ ಮೀನು ಬಂತು. ಬಡಿಸುವ ಹೆಂಗಸು ಬಿಳಿಗೂದಲು ನೋಡಿ ಅದನ್ನು ಗಾಜಿನ ಹಲಗೆಯ ಮೇಲೆ ಯಜಮಾನರ ಮುಂದಿಟ್ಟಳು. ಹಬೆಯಾಡುವ ಹೊಟ್ಟೆ, ಮೇಲೆ ಶುಂಠಿ, ಸಬ್ಬಸಿಗೆ. ಏಡಿ ಸಾರು ಬಂತು. ಅನ್ನದ ಪಾತ್ರೆಯನ್ನು ಅವಳು ಯಾರನ್ನೂ ಕೇಳದೆ ಮೇಜಿನ ಅಂಚಿನಲ್ಲಿ ಮಿಯೆನ್‌ಳ ಮುಂದಿಟ್ಟಳು. ಆ ಹೆಂಗಸೂ ಯಾರದೋ ಮನೆಯಲ್ಲಿ ಪಾತ್ರೆಯ ಪಕ್ಕ ಕೂರುವವಳೇ ಅಲ್ಲವೇ?

ಹಾಜರಿ ನಡೆಯಿತು. ಪುಟ್ಟ ಮೊಮ್ಮಗಳು ಚಿಕ್ಕಜ್ಜನನ್ನು ಬಿಟ್ಟುಬಿಟ್ಟಳು.

"ಮೊದಲಿಂದ!" ಎಂದರು ಯಜಮಾನರು.

"ಅಣ್ಣ, ನಂಗೇನೂ ಬೇಜಾರಿಲ್ಲಪ್ಪ, ಹಸಿವಾಗ್ತಿದೆ," ಎಂದ ಆ ಚಿಕ್ಕಜ್ಜ, ಯಜಮಾನರ ತಮ್ಮ.

"ನಿಂಗೆ ಬೇಜಾರಾಗೋದು ಬಿಡೋದು ನಾನು ಹೇಳ್ಬೇಕು."

ಅಂತೂ ಎಲ್ಲರ ಹೆಸರೂ ಬಂತು. ತಕ್ಷಣ ಎಂಟು ಬಟ್ಟಲು ಮಿಯೆನ್‌ಳ ಕಡೆ ಚಾಚಿದವು. ಅವಳ ಕೈ ತಾನಾಗಿಯೇ ಸಟ್ಟುಗಕ್ಕೆ ಹೋಯಿತು. ಲುವಾ ಸಟ್ಟುಗ ಹಿಡಿದುಕೊಂಡಳು.

"ಅತ್ತೆ, ಇಲ್ಲಿ ಕೊಡಿ. ಇವತ್ತು ನಾನು ಹಾಕ್ತೀನಿ."

"ಅವಳೇ ಹಾಕ್ಲಿ," ಎಂದರು ಯಜಮಾನರು. "ನನ್ನ ಹುಟ್ಟುಹಬ್ಬದ ದಿನ ಬೇರೆಯವರ ಕೈ ಊಟ ಯಾಕೆ? ಅವಳಿಗೂ ಅದೇ ಖುಷಿ."

ಲುವಾ ಕೈ ಬಿಟ್ಟಳು. ಮಿಯೆನ್ ಮೀನಿನ ಕಡೆ ನೋಡಿದಳು. ಹಬೆ ತೆಳ್ಳಗಾಗುತ್ತಿತ್ತು. ಬಟ್ಟಲುಗಳು ಎಂಟು, ಅದರಲ್ಲಿ ಗಂಡನದೊಂದೇ ಮೂರು ಸಲ ಬರುವಂಥದ್ದು. ಅವಳು ಸಟ್ಟುಗವನ್ನು ಪಾತ್ರೆಯೊಳಗೆ ಚುಚ್ಚಿದಳು, ಎರಡೂ ಕೈಯಿಂದ ಪಾತ್ರೆ ಎತ್ತಿ ಗಾಜಿನ ಹಲಗೆಯ ಮೇಲಿಟ್ಟಳು, ಹಲಗೆಯ ಅಂಚು ಹಿಡಿದು ಸರಿಯಾಗಿ ಅರ್ಧ ಸುತ್ತು ತಿರುಗಿಸಿದಳು. ಪಾತ್ರೆ ಯಜಮಾನರ ಮುಂದೆ ಹೋಗಿ ನಿಂತಿತು. ಮೀನು ಅವಳ ಮುಂದೆ ಬಂತು.

ಹಸಿದ ತಮ್ಮನೇ ಮೊದಲು ಬಟ್ಟಲು ಆ ಕಡೆ ತಿರುಗಿಸಿದ.

"ಅಣ್ಣ, ಪಾತ್ರೆ ನಿನ್ ಪಕ್ಕ ಇದೆ. ಪದ್ಧತಿ ನೀನೇ ಹೇಳಿಕೊಟ್ಟಿದ್ದು."

"ಅಜ್ಜ, ನಂಗೂ!" ಎಂದಳು ಮೊಮ್ಮಗಳು.

ಪದ್ಧತಿ ಎಂದ ಮೇಲೆ ಹಾಜರಿ ಗುಮಾಸ್ತರು ಏನು ಮಾಡಿಯಾರು? ಸಟ್ಟುಗ ತಲೆಕೆಳಗಾಗಿ ಹಿಡಿದು ಶುರು ಮಾಡಿದರು. ಅರ್ಧ ಅನ್ನ ಬಟ್ಟಲಿಗೆ, ಅರ್ಧ ಏಡಿ ಸಾರಿಗೆ. ಮೂರನೆಯ ಬಟ್ಟಲಿಗೇ ಬೆವರಿದರು. ಮಿಯೆನ್ ಮೀನಿನ ಹೊಟ್ಟೆಯ ದಪ್ಪ ತುಂಡನ್ನು ಬಿಡಿಸಿ, ಮೀನಿನ ಉಪ್ಪುರಸದಲ್ಲಿ ಅದ್ದಿ, ಅನ್ನವಿಲ್ಲದೆ ಬರಿದೇ ಬಾಯಿಗಿಟ್ಟಳು. ನಾಲಿಗೆ ಸುಟ್ಟಿತು. ಎರಡನೆಯ ತುಂಡು ತೆಗೆದುಕೊಂಡಳು.

"ಲೇ ಇವಳೇ," ಎಂದರು ಯಜಮಾನರು, ಮೊದಲ ಸಲ ಅವಳನ್ನು ನೇರ ನೋಡಿ. "ಏಳೇ, ಈ ಕಡೆ ಬಾ."

ಮಿಯೆನ್ ಬಾಯಿಯ ಮುಂದೆ ಕೈ ಅಡ್ಡ ಹಿಡಿದಳು. ಬಾಯಲ್ಲಿ ಮುಳ್ಳು ಸಿಕ್ಕಿತ್ತು. ಗೆಂಡೆ ಮೀನಿನ ಮುಳ್ಳು ಬಿಡಿಸುವುದು ಆತುರದ ಕೆಲಸವಲ್ಲ. ಎಂಟನೆಯ ಬಟ್ಟಲು ತುಂಬುವವರೆಗೂ ಅವಳು ಅದನ್ನೇ ಬಿಡಿಸುತ್ತಿದ್ದಳು.