ನೆನೆದ ಹಗ್ಗದ ಅಳತೆ

ಗೌರಮ್ಮ, ನಿನ್ನನ್ನು ಸೋಲಿಸಿದ್ದು ರಜಿಯಾ ಅಲ್ಲ, ನಾನು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೆ. ಇದನ್ನು ಹೇಳಬೇಡಿ ಎಂದು ಸುತ್ತ ಇರುವವರೆಲ್ಲ ಹೇಳುತ್ತಿದ್ದಾರೆ—ಅದಕ್ಕೇ ಹೇಳುತ್ತಿದ್ದೇನೆ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ದಾವಣಗೆರೆಯ ನಮ್ಮ ಕ್ರೀಡಾಂಗಣಕ್ಕೆ ಕಲ್ಲಿನ ಗ್ಯಾಲರಿ ಬಂತು. ಅದಕ್ಕೂ ಮುಂಚೆ ಅದು ಜಾಲಿ ಬೆಳೆದ ಬಯಲು. ಕುಸ್ತಿಗೆ ಕೆಮ್ಮಣ್ಣಿನ ಅಖಾಡ, ಖೊಖೊ ಕಂಬ, ಓಟದ ಸುತ್ತು—ಎಲ್ಲವನ್ನೂ ದೈಹಿಕ ಶಿಕ್ಷಕನಾಗಿದ್ದ ನಾನೇ ನಿಂತು ಮಾಡಿಸಿದ್ದೆ. ಸಂಜೆಯಾದರೆ ಪಿ.ಜೆ. ಬಡಾವಣೆಯ ಸಂಸಾರಗಳು ಮಂಡಕ್ಕಿ-ಮಿರ್ಚಿ ಪೊಟ್ಟಣ ಹಿಡಿದು ಸುಮ್ಮನೆ ನೋಡಲು ಬರುತ್ತಿದ್ದವು. ನನಗೆ ಕೊಬ್ಬು ಬಂದಿತ್ತು. ಒಪ್ಪುತ್ತೇನೆ.

ಆ ವರ್ಷ ರಾಜ್ಯ ಶಿಬಿರಕ್ಕೆ ನಮ್ಮ ಭಾಗದಿಂದ ಒಬ್ಬಳೇ ಹುಡುಗಿ. ಹರಿಹರದವರು ಅಲ್ಲಿನ ಮೈದಾನದಲ್ಲಿ, ನಮ್ಮವರು ಇಲ್ಲಿ ನಾನೂರು ಮೀಟರು ಓಡಬೇಕು. ಬೇಗ ಮುಗಿಸಿದವಳು ಹೋಗಬೇಕು. ಭಾನುವಳ್ಳಿಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಬಂದು ಅಭ್ಯಾಸ ಮಾಡುತ್ತಿದ್ದ ನೀನು, ನಮ್ಮ ರಜಿಯಾಳಿಗಿಂತ ಒಂದೇ ಸೆಕೆಂಡು ಹಿಂದೆ ಬಿದ್ದೆ.

ಮರುದಿನ ನನಗೆ ತಿಳಿಯಿತು. ನಾನು ಸುತ್ತು ಅಳೆದದ್ದು ಗಿರಣಿಯ ಹತ್ತಿ ನೂಲಿನ ಹಗ್ಗದಿಂದ, ಅದೂ ಧೂಳು ಏಳದಿರಲೆಂದು ನೀರು ಹೊಡೆಸಿದ ನೆಲದ ಮೇಲೆ. ನೆನೆದ ಹಗ್ಗ ಕುಗ್ಗಿತ್ತು. ಒಣಗಿದ ಮೇಲೆ ಅದನ್ನೇ ಹಾಕಿ ನೋಡಿದರೆ ಸುತ್ತು ಹತ್ತು ಹೆಜ್ಜೆ ಕಡಿಮೆ, ಓಟದಲ್ಲಿ ಒಂದು ಸೆಕೆಂಡಿಗೂ ಮೇಲೆ. ಆಯ್ಕೆಯ ಪಟ್ಟಿ ಇನ್ನೂ ನನ್ನ ಮೇಜಿನ ಮೇಲೇ ಇತ್ತು—

ಅವತ್ತೇ ಮಧ್ಯಾಹ್ನ ನೀನು ನಿಮ್ಮಪ್ಪನ ಜೊತೆ ಬಂದೆ. "ಸಾರ್, ಈಗ ಹೆಜ್ಜೆ ಎಣಿಸ್ಕೊಂಡು ಬಂದೆ. ನಿಮ್ಮ ಸುತ್ತು ಯಾಕೋ ಕಮ್ಮಿ ಐತೆ. ಇನ್ನೊಂದ್ಸಲ ಅಳೀರಿ" ಎಂದೆ.

"ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ. ಹೋಗಮ್ಮ, ಮುಂದಿನ್ ವರ್ಷ ಬಾ" ಎಂದೆ ನಾನು.

ಗ್ಯಾಲರಿಯಲ್ಲಿದ್ದವರು ನಕ್ಕರು. ನಿಮ್ಮಪ್ಪ ತಲೆ ತಗ್ಗಿಸಿದರು. ನೀನು ತಗ್ಗಿಸಲಿಲ್ಲ, ನನ್ನನ್ನೇ ನೋಡುತ್ತ ನಿಂತೆ. ನೆಲ ನಿಜವಾಗಿಯೂ ಡೊಂಕೆಂದು ಬಲ್ಲವನು ಅಲ್ಲಿ ನಾನೊಬ್ಬನೇ. ನೀವು ಹೋದ ಮೇಲೆ ಪಟ್ಟಿಗೆ ಸಹಿ ಹಾಕಿ ಕಳಿಸಿದೆ. ವಾರದೊಳಗೆ ಯಾರಿಗೂ ಹೇಳದೆ ಸುಣ್ಣದ ಗೆರೆ ತಿದ್ದಿದೆ. ಹೊಸ ಕ್ರೀಡಾಂಗಣಕ್ಕೆ ಕೆಟ್ಟ ಹೆಸರು ಬರಬಾರದೆಂದು ಮನಸ್ಸಿಗೆ ಹೇಳಿಕೊಂಡೆ. ಸುಳ್ಳು. ಕೆಡುತ್ತಿದ್ದದ್ದು ನನ್ನ ಹೆಸರು. ನೀನು ಮುಂದಿನ ವರ್ಷ ಬರಲಿಲ್ಲ, ಓಡುವುದನ್ನೇ ಬಿಟ್ಟೆಯಂತೆ.

ರಜಿಯಾಳದ್ದೇನೂ ತಪ್ಪಿಲ್ಲ, ನಾನು ಎಳೆದ ಗೆರೆಯ ಮೇಲೆ ಅವಳು ಓಡಿದಳು. ಅವಳತ್ತ ಯಾರಾದರೂ ಬೆರಳು ತೋರಿಸಿದರೆ ನಾನು ಸುಮ್ಮನಿರುವವನಲ್ಲ.

ಬರುವ ಭಾನುವಾರ ಅದೇ ಕ್ರೀಡಾಂಗಣದಲ್ಲಿ ನನಗೆ ಸನ್ಮಾನ. "ಹಳೇದ್ನ ಈಗ ಯಾಕ ಕೆದಕ್ತೀರಿ ಸಾರ್, ಬ್ಯಾಡ್ರಿ" ಎನ್ನುತ್ತಾರೆ ಸಮಿತಿಯವರು. ಶಾಲು ಬೇಡ, ಮೈಕು ಕೊಡಿ ಎಂದಿದ್ದೇನೆ. ಕೊಡದಿದ್ದರೆ ನಿಂತಲ್ಲೇ ಕೂಗಿ ಹೇಳುತ್ತೇನೆ. ಗಂಟಲು ಇನ್ನೂ ಗಟ್ಟಿಯಿದೆ.

ನಿನ್ನ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡುವ ಭಾರವೂ ನಿನ್ನ ಮೇಲೇ ಬೀಳುತ್ತದೆ. ಆದರೆ ನಿಮ್ಮಪ್ಪ—ಮಗಳು ಸೋತು ನೆಪ ಹೇಳಿದಳೆಂದೇ ನಂಬಿ ತೀರಿಕೊಂಡರಂತೆ. ಅವರು ಬದುಕಿದ್ದಾಗಲೂ ಭಾನುವಳ್ಳಿಗೆ ದಿನಾ ಬಸ್ಸಿತ್ತು. ನಾನು ಹತ್ತಲಿಲ್ಲ.