ಕತ್ತೆಯ ಅರ್ಥಗಾರಿಕೆ

ನನ್ನನ್ನು ಕತ್ತೆ ಎಂದು ಬೈದವರು ಬೇಕಾದಷ್ಟು ಜನ ಇದ್ದಾರೆ. ಕತ್ತೆಯಾಗಿ ಬಾ ಎಂದು ಮರ್ಯಾದೆ ಕೊಟ್ಟು ಕರೆದವಳು ಮಾತ್ರ ಒಬ್ಬಳೇ. ಕ್ಯಾಲಿಫೋರ್ನಿಯಾದ ಎಮರಿವಿಲ್ಲಿನ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಕ್ಯೂಬಿಕಲ್ಲಿನಲ್ಲಿ ಕೂರುತ್ತಿದ್ದ ಹೆಂಗಸು.

ಅದು ಡಾಟ್‌ಕಾಮ್ ಕಾಲ. ನಮ್ಮ ಕಂಪನಿ ಏನನ್ನು ಮಾರುತ್ತದೆ ಎಂಬುದು ನಮಗೇ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಸೋಮವಾರ ಬಂತೆಂದರೆ ಹೊಸಬರು ಬಂದು ಸೇರುತ್ತಿದ್ದರು, ಫ್ರಿಜ್ಜಿನಲ್ಲಿ ಸೋಡಾ ಪುಕ್ಕಟೆ ಸಿಗುತ್ತಿತ್ತು, ಎಲ್ಲರೂ ಇನ್ನೇನು ಶ್ರೀಮಂತರಾಗಿಬಿಡುತ್ತೇವೆ ಎಂಬ ಮುಖ ಹೊತ್ತು ಓಡಾಡುತ್ತಿದ್ದರು. ಆಕೆ ನಮ್ಮ ಸಾಫ್ಟ್‌ವೇರಿಗೆ ಕೈಪಿಡಿ ಬರೆಯುವವಳು. ನಾನು ಬರೆದ ಕೋಡು ಏನು ಮಾಡುತ್ತದೆ ಎಂದು ನನಗಿಂತ ಚೆನ್ನಾಗಿ ಅವಳಿಗೇ ತಿಳಿದಿತ್ತು.

ಒಂದು ದಿನ ಸರ್ವರು ಮಲಗಿಬಿಟ್ಟಿತು. ಮೀಟಿಂಗಿನಲ್ಲಿ ಮ್ಯಾನೇಜರಿನಿಂದ ಹಿಡಿದು ನಿನ್ನೆ ಸೇರಿದವನವರೆಗೆ ಎಲ್ಲರೂ ಸರ್ವರನ್ನೇ ದೂರಿದರು. ನನಗೆ ರೇಗಿತು. ಎದ್ದು ನಿಂತು, "ನಾನೇ ಸರ್ವರು. ಹೇಳಿ, ನನ್ನ ತಪ್ಪೇನು?" ಎಂದೆ. "ಮೆಮರಿ ಸಾಲ್ತಿಲ್ಲ ಅಂತ ತಿಂಗಳುಗಳಿಂದ ಕೂಗ್ಕೊಳ್ತಾ ಇದೀನಿ. ಯಾರಾದ್ರೂ ಕೇಳಿದ್ರಾ? ಹೊರೆ ಹೊರಿಸಿದೋರು ನೀವು, ಬಿದ್ಮೇಲೆ ಬೈಯೋರೂ ನೀವೇ!"

ಮ್ಯಾನೇಜರು ಕಣ್ಣುಕಣ್ಣು ಬಿಟ್ಟ. ಆಕೆ ಮಾತ್ರ ನಗು ತಡೆಯಲಾರದೆ ಮೇಜಿನ ಮೇಲೆ ತಲೆ ಇಟ್ಟಳು. ಮೀಟಿಂಗು ಮುಗಿದ ಕೂಡಲೇ ನನ್ನ ಹತ್ತಿರ ಬಂದು, "ನಮಗೊಂದು ಕತ್ತೆ ಬೇಕಾಗಿದೆ. ಈ ಶನಿವಾರ ಬರ್ತೀಯಾ?" ಎಂದು ಕೇಳಿದಳು.

ಇಲ್ಲಿ ನನ್ನ ಚಾಳಿಯ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಕರಾವಳಿಯವನು, ತಾಳಮದ್ದಳೆ ಕೇಳಿ ಬೆಳೆದವನು, ನಂತರ ಕೂತು ಅರ್ಥ ಹೇಳಿದವನೂ ಹೌದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಪಂಚೆ ಉಟ್ಟು ಕೂತವರು ಪುರಾಣದ ಪಾತ್ರಗಳಾಗಿ ಅದರ ಅರ್ಥ ಬಿಡಿಸುತ್ತಾರೆ. ಬರೆದಿಟ್ಟ ಸಂಭಾಷಣೆ ಎಂಬುದೇ ಇಲ್ಲ. ಎದುರಿನವನು ಏನು ಕೇಳಿದರೂ ಪಾತ್ರ ಬಿಡದೆ ಅಲ್ಲೇ ಉತ್ತರ ಕೊಡಬೇಕು. ಬಾಯಿ ಕಟ್ಟಿದವನು ಸೋತ. ಈ ವಿದ್ಯೆಯನ್ನು ಅಮೆರಿಕದಲ್ಲಿ ಕೇಳುವವರಿರಲಿಲ್ಲವಾಗಿ ಅದು ಮೀಟಿಂಗುಗಳಲ್ಲಿ ಹೊರಬರುತ್ತಿತ್ತು, ಅಷ್ಟೆ.

ಆಕೆ ಯಹೂದಿ. ಅವರ ಪ್ರಾರ್ಥನಾ ಮಂದಿರ ನಾವಿದ್ದ ಸ್ಯಾನ್ ರಮೋನ್ ಊರಿನಲ್ಲೇ, ನಮ್ಮ ಅಪಾರ್ಟ್‌ಮೆಂಟಿನಿಂದ ಸ್ವಲ್ಪ ದೂರದಲ್ಲಿತ್ತು. ಪ್ರತಿ ಶನಿವಾರ ಬೆಳಿಗ್ಗೆ ಅಲ್ಲಿ ಅವರ ಧರ್ಮಗ್ರಂಥವಾದ ತೋರಾದ ಒಂದು ಭಾಗವನ್ನು ಹೀಬ್ರೂ ಭಾಷೆಯಲ್ಲಿ ಓದುತ್ತಾರೆ. ಓದು ಮುಗಿದ ಮೇಲೆ ಪ್ರವಚನದ ಬದಲು ಆಕೆ ಅದೇ ಕಥೆಯನ್ನು ಪುಟ್ಟ ನಗೆನಾಟಕ ಮಾಡಿ ಆಡಿಸುತ್ತಿದ್ದಳು. ಪ್ರಳಯದ ಕಥೆಯಲ್ಲಿ ಹೌಸಿಂಗ್ ಅಸೋಸಿಯೇಷನ್ನಿನವರು ಬಂದು, ಅಂಗಳದಲ್ಲಿ ದೋಣಿ ಕಟ್ಟಲು ಪರ್ಮಿಷನ್ ಎಲ್ಲಿ ಎಂದು ದಬಾಯಿಸುತ್ತಿದ್ದರು. ಮರುಭೂಮಿಯಲ್ಲಿ ಅಲೆಯುವ ಜನ, ಇದಕ್ಕಿಂತ ನಮ್ಮೂರಿನ 680 ಫ್ರೀವೇ ಟ್ರಾಫಿಕ್ಕೇ ವಾಸಿ ಎಂದು ಗೊಣಗುತ್ತಿದ್ದರು.

ಆ ವಾರದ ಕಥೆ ಮಾತಾಡುವ ಕತ್ತೆಯದು. ಒಂದು ಜನಾಂಗಕ್ಕೆ ಶಾಪ ಹಾಕಲು ಪ್ರವಾದಿಯೊಬ್ಬ ಕತ್ತೆಯೇರಿ ಹೊರಡುತ್ತಾನೆ. ದಾರಿಗೆ ಅಡ್ಡವಾಗಿ ದೇವದೂತ ಕತ್ತಿ ಹಿರಿದು ನಿಂತಿದ್ದಾನೆ. ಅವನು ಕಾಣುವುದು ಕತ್ತೆಗೆ ಮಾತ್ರ, ಪ್ರವಾದಿಗಲ್ಲ. ಕತ್ತೆ ಮುಂದೆ ಹೋಗುವುದಿಲ್ಲ; ಆತ ಹೊಡೆಯುತ್ತಾನೆ. ಕೊನೆಗೆ ದೇವರು ಕತ್ತೆಗೆ ಬಾಯಿ ಕೊಡುತ್ತಾನೆ. ಕತ್ತೆಯಾಗಬೇಕಿದ್ದವನಿಗೆ ಜ್ವರ ಬಂದಿತ್ತು.

"ನಾನು ನಿಮ್ಮವನಲ್ವಲ್ಲ," ಎಂದೆ.

"ಆ ಪ್ರವಾದೀನೇ ನಮ್ಮೋನಲ್ಲ. ಇನ್ನು ಕತ್ತೆ ಯಾವ ಜಾತಿ ಆದ್ರೇನು?" ಎಂದಳು. ಆಮೇಲೆ ದನಿ ತಗ್ಗಿಸಿ ನಿಜ ವಿಷಯ ಹೇಳಿದಳು. "ಅಪ್ಪ ಮುಂದಿನ ವಾರ ಫ್ಲಾರಿಡಾಕ್ಕೆ, ಅಕ್ಕನ ಮನೆಗೆ ಹೋಗ್ತಾ ಇದಾರೆ. ಇನ್ನು ಅಲ್ಲೇ ಇರೋದು. ಇಷ್ಟು ವರ್ಷದಲ್ಲಿ ನನ್ನ ಒಂದೂ ನಾಟಕ ನೋಡಿಲ್ಲ. ಇಷ್ಟ ಆಗ್ದಿದ್ರೂ ಪರವಾಗಿಲ್ಲ. ನಾನೇನು ಮಾಡ್ತೀನಿ ಅಂತ ಒಂದು ಸಲ ಕೂತು ನೋಡಿ ಹೋಗ್ಲಿ. ಅದಕ್ಕೇ ಈ ಸಲದ್ದು ಕೆಡಬಾರದು."

ಅವಳ ಅಪ್ಪ ಆ ಮಂದಿರದಲ್ಲಿ ದೊಡ್ಡ ಜನ. ತೋರಾವನ್ನು ಬರೆದ ಚರ್ಮದ ಸುರುಳಿಯಲ್ಲಿ ವ್ಯಂಜನಗಳಷ್ಟೇ ಇರುತ್ತವೆ, ಸ್ವರಚಿಹ್ನೆಗಳಿರುವುದಿಲ್ಲ, ರಾಗದ ಗುರುತೂ ಇರುವುದಿಲ್ಲ. ಓದುವವರು ಬಾಯಿಪಾಠ ಮಾಡಿಕೊಂಡೇ ಬರಬೇಕು. ಹಾಗಾಗಿ ಪಕ್ಕದಲ್ಲಿ ಒಬ್ಬರು ಅಚ್ಚಾದ ಪುಸ್ತಕ ಹಿಡಿದು ನಿಂತು, ತಪ್ಪಿದ ಕಡೆ ಎಲ್ಲರೆದುರೇ ಗಟ್ಟಿಯಾಗಿ ತಿದ್ದುತ್ತಾರೆ. ಓದುವವರು ಅದನ್ನು ಅವಮಾನ ಎಂದುಕೊಳ್ಳುವುದಿಲ್ಲ, ಸರಿಮಾಡಿಕೊಂಡು ಮುಂದುವರಿಯುತ್ತಾರೆ. ಆ ತಿದ್ದುವ ಕೆಲಸ ಬಹುಕಾಲದಿಂದ ಈ ಅಪ್ಪನದೇ. ಓದು ಮುಗಿದು ಸುರುಳಿಯನ್ನು ಕಪಾಟಿನಲ್ಲಿಟ್ಟ ಮೇಲೆ ಮಗಳು ನಾಟಕ ಶುರುಮಾಡಿದಳೆಂದರೆ ಅವರು ಎದ್ದು ಹೊರಗೆ ಹೋಗುತ್ತಿದ್ದರಂತೆ. ಎತ್ತು ಏರಿಗೆ, ಕೋಣ ನೀರಿಗೆ.

ಮನೆಯಲ್ಲಿ ಹೇಳಿದಾಗ ಮೈಸೂರಿನವಳಾದ ನನ್ನ ಹೆಂಡತಿ ದೋಸೆಯ ಸಟ್ಟುಗ ಹಿಡಿದೇ ನಕ್ಕಳು. "ಅಲ್ರೀ, ಕತ್ತೆ ಆಗೋಕೆ ಅಷ್ಟು ದೂರದಿಂದ ಬರ್ಬೇಕಿತ್ತಾ? ಮೀಸೆನಾದ್ರೂ ಬೋಳಿಸ್ಕೊಳ್ಳಿ. ಮೀಸೆ ಇರೋ ಕತ್ತೆ ನಾನಂತೂ ನೋಡಿಲ್ಲ."

"ಮಾತಾಡೋ ಕತ್ತೆ ನೋಡಿದ್ದೀಯಾ?"

"ಮದುವೆ ಆದಾಗಿಂದ," ಎಂದಳು.

ಶನಿವಾರ ಮೀಸೆ ಉಳಿಸಿಕೊಂಡೇ ಹೋದೆ, ನೋಡಲು ಹೆಂಡತಿಯೂ ಬಂದಳು. ಬಾಗಿಲಲ್ಲಿ ಬುಟ್ಟಿಯಲ್ಲಿಟ್ಟಿದ್ದ ಪುಟ್ಟ ಟೋಪಿಯೊಂದನ್ನು ಗಂಡಸರೆಲ್ಲ ತಲೆಗೆ ಇಟ್ಟುಕೊಳ್ಳಬೇಕು. ನಾನು ಟೋಪಿ ಇಟ್ಟು ಅದರ ಮೇಲೆ ರಟ್ಟಿನ ಕಿವಿ ಕಟ್ಟಿಕೊಂಡೆ. ಓದು ನಡೆಯುವಾಗ ಆ ಅಪ್ಪನನ್ನು ನೋಡಿದೆ. ಕುಳ್ಳಗಿನ, ಬಿರುಸು ಹುಬ್ಬಿನ ಮುದುಕರು. ಓದುತ್ತಿದ್ದವನು ಎಡವಿದ ಕೂಡಲೇ ಅವರ ಬಾಯಿಂದ ಸರಿಪದ ಗುಂಡಿನ ಹಾಗೆ ಬರುತ್ತಿತ್ತು. ಸರಿಯಾಗಿ ಓದಿದರೆ ಕಲ್ಲಿನ ಹಾಗೆ ನಿಂತಿರುತ್ತಿದ್ದರು, ಒಮ್ಮೆ ತಲೆದೂಗುವುದೂ ಇಲ್ಲ. ನಮ್ಮ ಕಡೆಯ ಹಿರಿಯ ಭಾಗವತರೊಬ್ಬರ ನೆನಪಾಗಿ ನನಗೆ ಖುಷಿಯಾಯಿತು.

ನಾಟಕ ಶುರುವಾಯಿತು. ಆಕೆ ಹತ್ತಿಯ ಗಡ್ಡ ಕಟ್ಟಿಕೊಂಡು ಪ್ರವಾದಿಯಾಗಿ ಚಕ್ರದ ಆಫೀಸು ಕುರ್ಚಿಯ ಮೇಲೆ ಕೂತಿದ್ದಳು, ನಾನು ಅದನ್ನು ಹಗ್ಗ ಹಾಕಿ ಎಳೆಯುತ್ತಿದ್ದೆ. ಓರೆಗಣ್ಣಲ್ಲಿ ನೋಡಿದರೆ ಅಪ್ಪ ಎಂದಿನಂತೆ ಎದ್ದು ಬಾಗಿಲ ಕಡೆ ಹೊರಟಿದ್ದರು. ಅವಳೂ ಅದನ್ನು ಕಂಡಳು. ಅವಳ ದನಿ ಇಳಿದುಹೋಯಿತು. ನನ್ನನ್ನು ಹೊಡೆಯಬೇಕಿದ್ದ ಪೇಪರಿನ ಸುರುಳಿಯನ್ನು ಸುಮ್ಮನೆ ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟಳು.

ನನಗೆ ಸಂಕಟವಾಯಿತು. ನಾಟಕ ಬೀಳಬಾರದೆಂದು ಬಾಯಿಗೆ ಬಂದದ್ದನ್ನು ಶುರುಮಾಡಿದೆ. "ಒಡೆಯಾ, ನಿನ್ನ ಮನೆಗೆ ಹಿರಿಯ ಮಗನ ಹಾಗೆ ದುಡಿದ ಗಂಡು ಕತ್ತೆ ನಾನು..."

"ಹೆಣ್ಣು!" ಬಾಗಿಲಿನಿಂದ ಗುಂಡು ಹಾರಿತು. "ಹೆಣ್ಣು ಕತ್ತೆ!"

ಬಾಗಿಲ ಹಿಡಿಯ ಮೇಲೆ ಕೈ ಇಟ್ಟಿದ್ದ ಅಪ್ಪ ತಿರುಗಿ ನಿಂತಿದ್ದರು. ಇಡೀ ಸಭೆಗೆ ಅದೇನೆಂದು ಗೊತ್ತು: ತಪ್ಪು ಕೇಳಿತು, ಜೀವಮಾನದ ಅಭ್ಯಾಸ, ತಿದ್ದಿದರು. ನಾನು ಹೌದೆಂದು ಸರಿಪಡಿಸಿಕೊಂಡು ಮುಂದುವರಿಯಬೇಕಿತ್ತು. ಆದರೆ ನನ್ನ ಕಿವಿಗೆ ಅದು ಎದುರು ಅರ್ಥಧಾರಿಯ ಸವಾಲಾಗಿ ಕೇಳಿಸಿತು. ಸವಾಲಿಗೆ ಬಾಯಿ ಕಟ್ಟಿದರೆ ಸೋತಹಾಗೆ.

"ಸ್ವಾಮೀ," ಎಂದೆ ಅವರ ಕಡೆ ತಿರುಗಿ, "ದಾರಿಗೆ ಅಡ್ಡ ನಿಂತ ದೇವದೂತನೇ ಮನುಷ್ಯರ ಕಣ್ಣಿಗೆ ಕಾಣ್ಲಿಲ್ಲ. ಕತ್ತೆ ಗಂಡೋ ಹೆಣ್ಣೋ ಅನ್ನೋದು ಮಾತ್ರ ಹೇಗೆ ಕಾಣ್ತು?"

ಸಭೆ ಗೊಳ್ಳೆಂದಿತು. ಮುದುಕರ ಹುಬ್ಬು ಏರಿತು. "ಬರೆದಿದೆ!" ಎಂದರು.

"ಬರೆಯೋ ಮುಂಚೆ ನನ್ನನ್ನೊಂದು ಮಾತು ಕೇಳಿದ್ರಾ?"

ಅವರು ಬಾಗಿಲು ಬಿಟ್ಟು ನಡುವಿನ ಹಾದಿಗೆ ಬಂದರು. "ಲೋಕದಲ್ಲಿ ಕತ್ತೆಗೆ ಮಾತು ಬಂದಿದ್ದು ಅದೊಂದೇ ದಿನ. ಆ ಒಂದು ದಿನಾನೂ ಸುಳ್ಳು ಹೇಳಿ ಹಾಳು ಮಾಡ್ಕೋತೀಯಾ?"

ಎಂಥ ಮಾತು! ನಾನು ನಿಜಕ್ಕೂ ಕೈಮುಗಿದೆ. ಇಂಥ ಎದುರಾಳಿ ಸಿಕ್ಕಿ ಎಷ್ಟು ವರ್ಷವಾಗಿತ್ತು. ಮೈಯಲ್ಲಿ ಉತ್ಸಾಹ ತುಂಬಿ ಪಟ್ಟು ಬದಲಿಸಿದೆ. "ಒಪ್ಪಿದೆ. ನಾನು ಹೆಣ್ಣೇ. ಹೆಣ್ಣು ಅಂತ ಆದ್ಮೇಲೆ ಒಂದು ಪ್ರಶ್ನೆ. ಮನೆಯ ಹೆಣ್ಣು ತನಗೆ ಕಂಡ ಸತ್ಯ ಹೇಳೋಕೆ ಬಾಯಿ ತೆರೆದಾಗ, ಹಿರಿಯರಾದೋರು ಕೇಳ್ದೆ ಎದ್ದು ಹೋಗೋದು ಯಾವ ನ್ಯಾಯ?"

ನಾನು ಹೇಳಿದ್ದು ಪ್ರವಾದಿಯನ್ನು ಕುರಿತು, ಅಥವಾ ಹಾಗೆಂದುಕೊಂಡಿದ್ದೆ. ನಗು ಒಮ್ಮೆಲೇ ನಿಂತಾಗ ನಾಲಗೆ ಕಚ್ಚಿಕೊಂಡೆ. ಪ್ರವಾದಿಯ ಗಡ್ಡದ ಮೇಲೆ ಅವಳ ಕಣ್ಣು ತುಂಬಿತ್ತು. ಮೂರನೇ ಸಾಲಿನಲ್ಲಿದ್ದ ನನ್ನ ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು.

ಮುದುಕರು ನನ್ನನ್ನು ನೋಡಿದರು, ಮಗಳನ್ನು ನೋಡಿದರು. ನಿಧಾನವಾಗಿ ನಡೆದು ಬಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು. "ಕತ್ತೆ ಕೇಳಿದ್ದು ಸರಿ ಇದೆ," ಎಂದರು. "ಮುಂದುವರಿಸಿ."

ಅವಳು ಮುಂದುವರಿಸಿದಳು. ಪೇಪರಿನ ಸುರುಳಿಯಿಂದ ನನ್ನನ್ನು ಎಷ್ಟು ಸಂತೋಷದಿಂದ ಬಡಿದಳೆಂದರೆ ಒಂದು ಕಿವಿ ಹರಿದುಹೋಯಿತು.

ಆಮೇಲೆ ಊಟದ ಹಾಲಿನಲ್ಲಿ ಬ್ರೆಡ್ಡು, ಮೊಟ್ಟೆ, ಮೀನು ಹರಡಿದ್ದ ಮೇಜಿನ ಪಕ್ಕ ಅವಳು ಗಡ್ಡವನ್ನು ಕೈಯಲ್ಲಿ ಹಿಡಿದು ಅಪ್ಪನ ಮೇಲೆ ಏರಿಹೋದಳು. "ಇಷ್ಟು ವರ್ಷ ನನ್ನ ನಾಟಕದ ಬಗ್ಗೆ ಒಂದು ಮಾತು ಆಡ್ಲಿಲ್ಲ ನೀನು. ಇವತ್ತು ಬಂದ ಕತ್ತೆ ಜೊತೆ ಅಷ್ಟು ಮಾತಾಡಿದೆ!"

"ಕತ್ತೆ ತಪ್ಪು ಹೇಳ್ತು," ಎಂದರು ಅವರು. "ನೀನು ಯಾವತ್ತಾದ್ರೂ ತಪ್ಪು ಹೇಳಿದೀಯಾ?"

"ನಿನಗೇನು ಗೊತ್ತು? ಒಳಗೇ ಇರ್ತಿರ್ಲಿಲ್ಲ."

"ಬಾಗಿಲ ಆಚೆ ನಿಂತಿರ್ತಿದ್ದೆ," ಎಂದವರೇ ದೋಣಿಗೆ ಪರ್ಮಿಷನ್ ಕೇಳುವ ಮಾತನ್ನು, ಅಸೋಸಿಯೇಷನ್ನಿನವರ ಗತ್ತಿನಲ್ಲೇ, ಒಂದಕ್ಷರ ಬಿಡದೆ ಒಪ್ಪಿಸಿದರು. "ಒಳಗಿದ್ರೆ ನಗು ಬಂದುಬಿಡೋದು. ಸುರುಳಿ ಪಕ್ಕ ನಿಲ್ಲೋನು ಎಲ್ಲರೆದುರು ಹಲ್ಲು ಕಿರೀಬಾರದು."

"ಚೆನ್ನಾಗಿದೆ ಅಂತ ಒಂದು ಸಲ ಹೇಳ್ಬಹುದಿತ್ತಲ್ಲಪ್ಪಾ!"

ಮುದುಕರು ನಿಜವಾಗಿಯೂ ಗೊಂದಲಕ್ಕೆ ಬಿದ್ದರು. "ತಿದ್ದಲಿಲ್ಲವಲ್ಲ," ಎಂದರು.

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಎರಡನ್ನೂ ಮಾಡಿದಳು. ನನ್ನ ಹೆಂಡತಿ ನನ್ನ ಕಡೆ ತಿರುಗಿ, "ನೀವೂ ಹಾಗೇನೇ. ಸಾರಿಗೆ ಉಪ್ಪು ಕಮ್ಮಿ ಆದ್ರೆ ಮಾತ್ರ ಬಾಯಿ ಬಿಡ್ತೀರಿ," ಎಂದು ಮೆಲ್ಲಗೆ ಚುಚ್ಚಿದಳು.

ಮುಂದಿನ ವಾರ ಅವರು ಫ್ಲಾರಿಡಾಕ್ಕೆ ಹೋದರು. ಅವಳು ಪ್ರತಿ ನಾಟಕವನ್ನೂ ಅಕ್ಕನ ಮನೆಗೆ ಫ್ಯಾಕ್ಸು ಮಾಡುತ್ತಿದ್ದಳು. ಉತ್ತರವಿಲ್ಲ. ಇವಳೇ ಫೋನು ಮಾಡಿದರೆ ಅಲ್ಲಿನ ಸೆಕೆಯ ಬಗ್ಗೆ ಎರಡು ಮಾತಾಡಿ ಅಕ್ಕನ ಕೈಗೆ ಕೊಟ್ಟುಬಿಡುತ್ತಿದ್ದರಂತೆ. ಉತ್ತರವಿಲ್ಲವೆಂದರೆ ಮೆಚ್ಚುಗೆ ಎಂದು ಅವಳಿಗೆ ಈಗ ಗೊತ್ತಿತ್ತು. ಆದರೂ ಆಗಾಗ ಸಪ್ಪಗೆ ಕೂತಿರುತ್ತಿದ್ದಳು.

ಚಳಿಗಾಲದ ಹೊತ್ತಿಗೆ, ಹಸಿದು ಬಂದ ಅಣ್ಣ ಒಂದು ಬಟ್ಟಲು ಬೇಳೆಸಾರಿಗೆ ತನ್ನ ಹಿರಿತನವನ್ನೇ ತಮ್ಮನಿಗೆ ಮಾರಿಬಿಡುವ ಕಥೆಯ ಸರದಿ ಬಂತು. ನಾನೂ ಈಗ ನಾಟಕದ ಕಾಯಂ ನಟ. ಒಂದು ಮಧ್ಯಾಹ್ನ ಆ ನಾಟಕದ ಹಾಳೆ ಓದುತ್ತಿದ್ದವನು ಅವಳ ಕ್ಯೂಬಿಕಲ್ಲಿಗೆ ಇಣುಕಿ, "ಇಲ್ಲಿ ಕೋಳಿ ಸೂಪು ಅಂತ ಇದೆಯಲ್ಲ. ಅದು ಬೇಳೆ ಅಲ್ವಾ?" ಎಂದೆ.

"ಶ್, ನನಗೆ ಗೊತ್ತು," ಎಂದಳು. "ಈಗಷ್ಟೇ ಅಪ್ಪನಿಗೆ ಫ್ಯಾಕ್ಸು ಹೋಯ್ತು."

ನಾನು ಇನ್ನೂ ಅಲ್ಲೇ ನಿಂತಿದ್ದೆ, ಅವಳ ಮೇಜಿನ ಫೋನು ಬಡಿದುಕೊಳ್ಳತೊಡಗಿತು. ಅವಳು ಸ್ವಲ್ಪ ಹೊತ್ತು ಅದನ್ನು ಬಡಿದುಕೊಳ್ಳಲು ಬಿಟ್ಟು, ಕೂದಲು ಸರಿಮಾಡಿಕೊಂಡು, ಎತ್ತಿಕೊಂಡಳು.

"ಹೌದಾ ಅಪ್ಪಾ? ಬೇಳೆನಾ? ಅಯ್ಯೋ, ನೋಡೇ ಇರ್ಲಿಲ್ಲ. ಹೇಳು, ಇನ್ನೆಲ್ಲೆಲ್ಲಿ ತಪ್ಪಿದೀನಿ?" ಎಂದು ಕುರ್ಚಿಯಲ್ಲಿ ಕಾಲು ಮಡಚಿ ಕೂತಳು.