ಸಲಹೆ ಕೊಡುವಂತಿಲ್ಲ

ನನ್ನ ಕೊರಳಲ್ಲಿ ತೂಗುವ ಕಾರ್ಡಿನ ಮೇಲೆ ಹೆಸರಿದೆ, ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ‘ವಕೀಲರಲ್ಲ’ ಎಂದಿದೆ. ನಾನು ಏನಲ್ಲ ಎಂಬುದನ್ನು ಮೊದಲು ತಿಳಿಸಿ, ಆಮೇಲೆ ಮಾತಿಗೆ ಕೂರಿಸುವ ಊರು ಇದು.

ಗಂಡನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದ್ದರಿಂದ ಅರಸೀಕೆರೆ ಬಿಟ್ಟು ಅಮೆರಿಕದ ಈ ಚಳಿಯೂರಿಗೆ ಬಂದೆ. ಹಾಸನದಲ್ಲಿ ಮಾಡಿದ ಬಿ.ಎ.ಯನ್ನು ಇಲ್ಲಿ ಯಾರೂ ಕೇಳಲಿಲ್ಲ. ಹತ್ತಿರದ ಕಾಲೇಜಿನಲ್ಲಿ ಪ್ಯಾರಾಲೀಗಲ್ ಎಂಬ ಎರಡು ವರ್ಷದ ಪದವಿಗೆ ಸೇರಿದೆ. ವಕೀಲರ ಕೈಕೆಳಗೆ ಕಾಗದಪತ್ರ ಸಿದ್ಧಪಡಿಸುವ ಕೆಲಸ ಅದು. ಎಷ್ಟೇ ಗೊತ್ತಿದ್ದರೂ ಕಕ್ಷಿದಾರರಿಗೆ ‘ಹೀಗೆ ಮಾಡಿ’ ಎನ್ನುವಂತಿಲ್ಲ. ಹಾಗೆ ಹೇಳಿದರೆ ಕಾನೂನು ಮುರಿದಂತೆ.

ನಮ್ಮಪ್ಪ ಅರಸೀಕೆರೆಯ ನೋಂದಣಿ ಕಚೇರಿಯ ಎದುರು ಬೆಂಚು ಹಾಕಿಕೊಂಡು ಆಸ್ತಿಪತ್ರ ಬರೆಯುವವರು. ಅವರ ಬೆಂಚಿನಲ್ಲಿ ಬರೆಯುವುದಕ್ಕಿಂತ ಹೇಳುವುದೇ ಹೆಚ್ಚು. ಜಾವಗಲ್ ಕಡೆಯವರೊಬ್ಬರು ತೋಟವನ್ನು ಮಗನ ಹೆಸರಿಗೆ ಬರೆಸಲು ಬಂದಿದ್ದರು.

“ಈಗ್ಲೇ ಎಲ್ಲಾ ಬರ್ಕೊಟ್ರೆ ನಾಳೆ ಮುದ್ದೆ ಇಕ್ಕೋರು ಯಾರ್ಲಾ? ಮನೇಲಿ ಹೆಂಡ್ರನ್ನ ಒಂದ್ಮಾತು ಕೇಳ್ಕಂಡು ಬಾ ಹೋಗು” ಎಂದಿದ್ದರು ಅಪ್ಪ.

“ಹಿಂಗೆ ವಾಪಸ್ ಕಳಿಸ್ತಿದ್ರೆ ನಿಮ್ ಹೊಟ್ಟೆಪಾಡು ಹೆಂಗ್ ಸ್ವಾಮಿ?” ಎಂದು ನಗುತ್ತಾ ಬಂದವರು ಮತ್ತೆ ಬಸ್ಸು ಹತ್ತಿದ್ದರು.

ಇಲ್ಲಿ ನನ್ನ ಹೆಸರನ್ನು ಮೊಟಕು ಮಾಡದೆ ಕೇಳಿ ಕಲಿತವರು ಒಬ್ಬರೇ, ನಮ್ಮ ಕಟ್ಟಡದ ಕೆಳಮನೆಯ ಮುದುಕಿ. ಡೊರೊತಿ ಎನ್ನುತ್ತೇನೆ, ಅದು ಅವರ ನಿಜವಾದ ಹೆಸರಲ್ಲ. ಮೊದಲ ಹಿಮ ಬಿದ್ದಾಗ ಕಾಲು ಜಾರದಂತೆ ಮೆಟ್ಟಿಲಿಗೆ ಉಪ್ಪು ಎರಚಬೇಕೆಂದು ಕಲಿಸಿದವರು ಅವರು. ಅಷ್ಟು ಉಪ್ಪನ್ನು ನೆಲಕ್ಕೆ ಚೆಲ್ಲಲು ಕೈ ಬರದೆ ನಿಂತ ನನ್ನನ್ನು ನೋಡಿ ತುಂಬ ನಕ್ಕಿದ್ದರು.

ಪದವಿಗಾಗಿ ಒಂದು ಕಾನೂನು ನೆರವು ಕಚೇರಿಯಲ್ಲಿ ತರಬೇತಿ ಪಡೆಯುತ್ತಿದ್ದೇನೆ. ಕಳೆದ ವಾರ ಡೊರೊತಿ ಅಲ್ಲಿಗೇ ಬಂದರು. ತಿಂಗಳ ಕೊನೆಗೆ ಮನೆ ಬಿಡಲು ಒಪ್ಪಿದ್ದೇನೆ ಎಂಬ ಕಾಗದವನ್ನು ಮನೆ ಮಾಲೀಕ ಅವರ ಕೈಗಿತ್ತಿದ್ದ.

“ನೀನೇ ಹೇಳು, ಸಹಿ ಹಾಕಲಾ?”

ಹಾಕಬಾರದೆಂದು ನನಗೆ ಓದುತ್ತಲೇ ತಿಳಿದಿತ್ತು. “ನಾನು ಹೇಳುವಂತಿಲ್ಲ. ವಕೀಲರು ಕೋರ್ಟಿನಿಂದ ಸಂಜೆ ಬರುತ್ತಾರೆ” ಎಂದೆ.

“ಮಧ್ಯಾಹ್ನದೊಳಗೆ ಕೊಡಬೇಕಂತೆ.” ಅವರು ನನ್ನ ಕಾರ್ಡನ್ನು ಓದಿದರು. “ಪಾಪ, ನಿನ್ನ ಕೊರಳಲ್ಲೇ ಬರೆದಿದೆಯಲ್ಲ” ಎಂದು ನನ್ನ ಕೆನ್ನೆ ತಟ್ಟಿ ಹೊರಟರು.

ಸಂಜೆಯ ಹೊತ್ತಿಗೆ ಅವರು ಸಹಿ ಹಾಕಿ ಕೊಟ್ಟಾಗಿತ್ತು. ಹಾಕದಿದ್ದರೆ ಆ ಮನೆಯಲ್ಲೇ ಇರಬಹುದಿತ್ತು, ಈಗ ತಡವಾಯಿತು ಎಂದರು ವಕೀಲರು. ನಾನು ನಿಯಮ ಮೀರದಿದ್ದುದನ್ನು ಮೆಚ್ಚಿಕೊಂಡರು.

ಮನೆಗೆ ಬಂದು, ಯಾರ ಹೆಸರೂ ಎತ್ತದೆ ನಡೆದದ್ದನ್ನು ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಬೈಯುತ್ತಾರೆ ಎಂದು ಕಾದೆ.

“ಸರಿಯಾಗೇ ಮಾಡಿದ್ದೀಯ ಬಿಡು. ಆ ಊರಿನ ಅನ್ನ ಉಣ್ಣೋಳು ಆ ಊರಿನಂಗೇ ಇರ್ಬೇಕು ಕಣವ್ವ.”

ಆಮೇಲೆ ಅಮ್ಮನ ಕೈಗೆ ಫೋನು ಕೊಟ್ಟರು. ಬೈದಿದ್ದರೆ ನಾನಿನ್ನೂ ಅವರ ಬೆಂಚಿನವಳೇ ಎಂದುಕೊಳ್ಳುತ್ತಿದ್ದೆ. ಕೆಳಗಿನ ಮನೆಯಲ್ಲಿ ಕುರ್ಚಿ ಎಳೆಯುವ ಸದ್ದಾಗುತ್ತಿತ್ತು.

ಮರುದಿನ ಬೆಳಿಗ್ಗೆ ಕಚೇರಿಗೆ ರಜೆ ಹೇಳಿ ಕೆಳಗಿಳಿದೆ. ಡೊರೊತಿ ಒಳಗೆ ಕರೆದರು. ಅವರ ಅಡುಗೆಮನೆಯ ನೆಲದ ಮೇಲೆ ಕೂತು, ತಟ್ಟೆಗಳನ್ನು ಒಂದೊಂದಾಗಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸಿದೆ.